ಘಟ್ಟ ಇಳಿಯುವವರೆಗೆ

ಪುಣೆಯ ನಮ್ಮ ಎರಡು ಕೋಣೆಯ ಮನೆಗೆ ನವರಾತ್ರಿ ಬಂತೆಂದರೆ ಅವ್ವನ ಕಾಲು ನೆಲದ ಮೇಲೆ ನಿಲ್ಲುತ್ತಿರಲಿಲ್ಲ. ಮಣ್ಣಿನಲ್ಲಿ ಕಾಳು ಬಿತ್ತಿ, ಮೇಲೆ ಕಳಸವಿಟ್ಟು ಘಟ್ಟ ಹಾಕುವಳು. ಪಕ್ಕದಲ್ಲಿ ನಂದಾದೀಪ, ದಸರೆಯ ತನಕ ಅದು ಆರಬಾರದು, ಮನೆಗೆ ಬೀಗ ಬೀಳಬಾರದು. ನಮ್ಮಲ್ಲಿದ್ದದ್ದು ದೇವಿಯ ಒಂದೇ ಹಿತ್ತಾಳೆಯ ಮುಖ. ಅದಕ್ಕೇ ದಿನಕ್ಕೊಂದು ಅವತಾರ. ಕುಪ್ಪಸದ ಖಣವನ್ನೇ ಸೀರೆ ಮಾಡಿ ಉಡಿಸಿ, ನನ್ನ ಪಾಟಿ ಇಟ್ಟರೆ ಸರಸ್ವತಿ, ಸೌಟು ಇಟ್ಟರೆ ಅನ್ನಪೂರ್ಣೆ, ಈಳಿಗೆ ಇಟ್ಟರೆ ದುರ್ಗೆ. ನಮ್ಮ ವಠಾರದಂಥ ವಾಡೆಯ ಮರಾಠಿ ಹೆಂಗಸರು ಬಂದು "ಕಿತೀ ಛಾನ್" ಎಂದು ಹೊಗಳಿದರೆ, ಅವ್ವ "ನಮ್ಮವ್ವ ಮಾಡಿದ್ದನ್ನು ನೀವು ನೋಡಿಲ್ಲ" ಎಂದು ಅವರ ಭಾಷೆಯಲ್ಲೇ ಹೇಳುವಳು.

ಅವ್ವನ ಅವ್ವ, ಅಂದರೆ ನನ್ನ ಅಜ್ಜಿ, ಧಾರವಾಡದಲ್ಲಿದ್ದಳು. ಎಪ್ಪತ್ತರ ದಶಕದ ಕೊನೆಯ ಆ ವರ್ಷ ಹಾಸಿಗೆ ಹಿಡಿದಿದ್ದಳು. ಬನ್ನಿ ಕೊಟ್ಟ ರಾತ್ರಿಯೇ ಸ್ವಾರಗೇಟಿನಿಂದ ಬಸ್ಸು ಹಿಡಿಯಬೇಕೆಂದು ಅವ್ವ ಚೀಲ ತುಂಬಿಟ್ಟಿದ್ದಳು. "ಯಾವ ದಿನಾ ಯಾವ ಅಲಂಕಾರ ಮಾಡ್ದೆ ಅಂತ ಎಲ್ಲಾ ಅವ್ವಗ ಹೇಳಬೇಕು," ಎನ್ನುವಳು. ಹಾಡುವಳು. ಮತ್ತೆ ಅದನ್ನೇ ಹೇಳುವಳು.

ನಾಲ್ಕನೆಯ ದಿನವೇ ಅಪ್ಪನ ಆಫೀಸಿಗೆ ಸೋದರಮಾವನ ಟ್ರಂಕ್ ಕಾಲ್ ಬಂದಿತ್ತು. ಅಜ್ಜಿ ತೀರಿಕೊಂಡಿದ್ದಳು. ಸುದ್ದಿ ಕಿವಿಗೆ ಬಿದ್ದರೆ ಸೂತಕ. ಸೂತಕ ಬಂದರೆ ಘಟ್ಟವನ್ನು ನಡುವೆಯೇ ಎತ್ತಬೇಕು. ಅಪ್ಪ ತುಟಿ ಬಿಚ್ಚಲಿಲ್ಲ. ದೇವರ ಹತ್ತಿರ ಮಾತ್ರ ಸುಳಿಯಲಿಲ್ಲ. ಕೇಳಿದರೆ ನೆಗಡಿ ಎಂದ.

ದಸರೆಯ ಸಂಜೆ ಅವ್ವ ಘಟ್ಟ ಇಳಿಸಿ, ಅಪ್ಪನಿಗೆ ಬನ್ನಿ ಕೊಟ್ಟು ಕಾಲಿಗೆರಗಿ ಎದ್ದ ಮೇಲೆ ಅವನು ಹೇಳಿದ.

"ಇಷ್ಟ ದಿನಾ ನಾ ಹಾಡ್ಲಿಕ್ಕತ್ತಿದ್ದೆ. ನೀವು ಸುಮ್ನ ಕೇಳ್ಕೋತ ಕೂತಿದ್ರಿ?"

"ನಿಮ್ಮವ್ವನೇ ಹೇಳಿದ್ಳಂತ, ಘಟ್ಟಾ ಇಳಿಯೋತನಾ ಮಗಳಿಗೆ ತಿಳಿಸಬ್ಯಾಡ್ರಿ ಅಂತ."

"ಆಕಿ ಹೇಳ್ತಾಳ. ನನ್ನ ಯಾರರ ಕೇಳಿದ್ರೇನು? ನಮ್ಮವ್ವನ ಮುಖ ಒಮ್ಮೆ ನೋಡಬೇಕಿತ್ರಿ ನಾ."

ಇಂಥ ಪದ್ಧತಿಗಿಷ್ಟು ಬೆಂಕಿ ಹಾಕಬೇಕು ಎಂದು ನನಗೆ ಇಂದಿಗೂ ಸಿಟ್ಟು. ಆದರೂ ನವರಾತ್ರಿ ಬಂತೆಂದರೆ ಅವ್ವನ ಆ ಹಾಡಿಗೇ ಜೀವ ಹಂಬಲಿಸುತ್ತದೆ, ಏನು ಮಾಡಲಿ.

ಮರುವರ್ಷವೂ ಅವ್ವ ಘಟ್ಟ ಹಾಕಿದಳು. ಹಾಡಲಿಲ್ಲ. ಸಂಜೆ ಅಪ್ಪ ಆಫೀಸಿನಿಂದ ಬಂದರೆ, ಚಪ್ಪಲಿ ಬಿಡುವ ಮೊದಲೇ ಬಾಗಿಲಲ್ಲಿ ನಿಲ್ಲಿಸಿ, ಅವನ ಮುಖವನ್ನೇ ನೋಡುತ್ತ ಕೇಳುವಳು: "ಖರೇ ಹೇಳ್ರಿ, ಎಲ್ಲಾರೂ ಅದಾರಲ್ಲ?"