ಹೇಸದ ಸೇಯಿಲ್‌ಕಾನ್ ಹೇಸಿದ ದಿನ

ಸೇಯಿಲ್‌ಕಾನ್ ಅಕ್ಕನಿಗೆ ಹೇಸಿಗೆ ಎಂಬುದೇ ಇಲ್ಲವೆಂದು ನಾವೆಲ್ಲ ತಿಳಿದಿದ್ದೆವು. ಇಸಿಕ್‌ಕುಲ್ ಸರೋವರದ ದಂಡೆಯ ನಮ್ಮ ಹೋಟೆಲಿನಲ್ಲಿ ಕೋಣೆ ತೊಳೆದು ಹಾಸಿಗೆ ಹಾಸುವವರಲ್ಲಿ ಅವಳೇ ಹಿರಿಯಳು. ಬಚ್ಚಲ ತೂತಿಗೆ ಸಿಕ್ಕಿಕೊಂಡ ಕೂದಲುಂಡೆ, ಮಂಚದಡಿ ಚೆಲ್ಲಿ ನಾತ ಹೊಡೆಯುವ ಕುದುರೆಹಾಲು, ಕಂಬಳಿಯ ಮೇಲಿನ ವಾಂತಿ, ಎಲ್ಲಕ್ಕೂ ಕೈ ಹಾಕುವಳು. ನಾನು ಮೂಗು ಮುಚ್ಚಿಕೊಂಡರೆ ನಗುವಳು.

"ಮನುಷ್ಯರ ಹೊಟ್ಟೇದೇ ಅಲ್ವೇನೆ ಗುಲ್ಬಾರಾ? ನಿನ್ನ ಹೊಟ್ಟೇಲೇನು ಗುಲಾಬಿ ಇದ್ಯಾ?"

ತಾಯಿ ಸತ್ತ ಮೇಲೆ ತಮ್ಮ ಮೆಲಿಸ್‌ನನ್ನು ಸಾಕಿದವಳು ಅವಳೇ. ಅವನು ರಾಜಧಾನಿಗೆ ಹೋಗಿ, ಕಾರು ಮಾರುವ ವ್ಯಾಪಾರದಲ್ಲಿ ದೊಡ್ಡ ಮನುಷ್ಯನಾದ. ಕಳೆದ ಬೇಸಿಗೆಯಲ್ಲಿ ಮಗಳನ್ನು ಗಂಡನ ಮನೆಗೆ ಕಳಿಸಿಕೊಡುವ ಔತಣವನ್ನು ನಮ್ಮ ಹೋಟೆಲಿನಲ್ಲೇ ಇಟ್ಟುಕೊಂಡ. ಅಂದು ಬೆಳಿಗ್ಗೆ ಅಕ್ಕನನ್ನು ಮೆಟ್ಟಿಲ ಬಳಿ ತಡೆದು ನಿಲ್ಲಿಸಿದ.

"ತಪ್ಪು ತಿಳ್ಕೋಬೇಡ ಅಕ್ಕಾ. ಬೀಗರು ದೊಡ್ಡ ಜನ. ನೀನಿಲ್ಲಿ ಕಕ್ಕಸು ತೊಳೆಯೋದು ಗೊತ್ತಾದ್ರೆ ನಾಳೆ ಹುಡುಗೀಗೆ ಮಾತು ಬರುತ್ತೆ. ಔತಣಕ್ಕೆ ಬರಬೇಡ. ಆಮೇಲೆ ಮನೇಗೇ ಬಂದು ಆಶೀರ್ವಾದ ಮಾಡಿಸ್ತೀನಿ."

"ಆಯ್ತು ಬಿಡಪ್ಪ," ಎಂದಳು ಅಕ್ಕ.

ಮರುದಿನ ತೊಳೆಯಲು ಅವನು ತಂಗಿದ್ದ ಕೋಣೆಯೇ ನಮ್ಮ ಪಾಲಿಗೆ ಬಂತು. ಹಾಸಿಗೆಯ ಮೇಲೆ ಕುರಿಕೊಬ್ಬು ಹೆಪ್ಪುಗಟ್ಟಿತ್ತು. ಮುಖ ಒರೆಸುವ ಟವೆಲಿನಲ್ಲಿ ಯಾರೋ ಬೂಟು ಒರೆಸಿದ್ದರು. ಕಕ್ಕಸಿನಲ್ಲಿ ಅಗಿದ ಶ್ಯಾವಿಗೆ ತೇಲುತ್ತಿತ್ತು. ಅಕ್ಕ ಮುಖ ಕಿವಿಚಲಿಲ್ಲ.

ಮೇಜಿನ ಮೇಲೊಂದು ತಟ್ಟೆ. ಅದರಲ್ಲಿ ಕುರಿಯ ಬಾಲದೆಲುಬಿನ ತುಂಡು, ಮನೆಯ ಹಿರಿಯ ಹೆಂಗಸಿಗೆ ಸಲ್ಲುವ ಪಾಲು. ತಣ್ಣಗಾದ ಕೊಬ್ಬಿಗೆ ಸಿಗರೇಟಿನ ತುಂಡುಗಳನ್ನು ಚುಚ್ಚಿ ಆರಿಸಿದ್ದರು.

ಚೀಲ ಒಯ್ಯಲು ಬಂದ ಮೆಲಿಸ್ ತಲೆ ಕೆರೆದುಕೊಂಡ. "ನಿನಗೇ ಅಂತ ಎತ್ತಿಟ್ಟಿದ್ದೆ ಅಕ್ಕಾ. ಹುಡುಗರು ಕುಡಿದಿದ್ರು... ಮೇಲ್ಮೇಲೆ ಕೆರೆದು ತೊಳೆದ್ರೆ ಏನಾಗಲ್ಲ, ತಿನ್ನಬಹುದು."

ಅಕ್ಕ ಬಚ್ಚಲಿಗೆ ಓಡಿದಳು. ಅವಳು ವಾಂತಿ ಮಾಡಿದ್ದನ್ನು ನಾನು ಕಂಡದ್ದು ಅದೇ ಮೊದಲು.

ಅಷ್ಟರಲ್ಲಿ ಪಕ್ಕದ ಕೋಣೆಯಲ್ಲಿ ತಂಗಿದ್ದ ವರನ ತಾಯಿ ಬಾಗಿಲಿಗೆ ಬಂದಳು. "ಏನಾಯ್ತು? ಯಾರೀಕೆ?"

"ಹೋಟೆಲಿನವಳು," ಎಂದ ಮೆಲಿಸ್.

ಅಕ್ಕ ಬಾಯಿ ಒರೆಸಿಕೊಂಡು ಬಂದಳು. "ಹೌದು ಬೀಗಿತ್ತಿ, ಹೋಟೆಲಿನವಳೇ. ಇವನ ಕುಂಡೆ ತೊಳೆದು ಬೆಳೆಸಿದ ಅಕ್ಕನೂ ಹೌದು. ಯಾರ್‍ಯಾರದೋ ಹೊಲಸು ಬಳಿದಿದ್ದೀನಿ. ಇದನ್ನ ಮಾತ್ರ ನನ್ನ ಕೈಲಿ ಮುಟ್ಟೋಕಾಗಲ್ಲ."

ಕೈಗವಸು ಕಳಚಿ ಆ ತಟ್ಟೆಗೆ ಎಸೆದು ಹೊರಟೇಹೋದಳು.

ಬೀಗಿತ್ತಿ ಮೆಲಿಸ್‌ನನ್ನು ಮೇಲಿಂದ ಕೆಳಗೆ ನೋಡಿದಳು. "ಒಡಹುಟ್ಟಿದವಳನ್ನ ಬಚ್ಚಿಟ್ಟು ನಮ್ಮ ಹತ್ರ ಸಂಬಂಧ ಬೆಳೆಸಿದ್ಯೇನಯ್ಯ? ಥೂ!"

ಮಧ್ಯಾಹ್ನ ನಾನು ಅಕ್ಕನ ಮನೆಯಲ್ಲಿದ್ದಾಗ ಬೀಗಿತ್ತಿಯೇ ಮದುಮಗಳನ್ನು ಕರೆದುಕೊಂಡು ಅಲ್ಲಿಗೆ ಬಂದಳು. ಅಕ್ಕ ಹುಡುಗಿಯ ಹಣೆಗೆ ಮುತ್ತಿಟ್ಟು, ಅಂಗೈ ಬಿಚ್ಚಿ ಹರಸಿ, ಇಬ್ಬರಿಗೂ ಚಹ ಬಗ್ಗಿಸಿ ಕೊಟ್ಟಳು. ಮೆಲಿಸ್ ಬೇಲಿಯಾಚೆ ಕಾರಿಗೆ ಒರಗಿ ಬಿಸಿಲಲ್ಲಿ ನಿಂತಿದ್ದ.

"ಅವನಿಗೂ ಒಂದು ಬಟ್ಟಲು ಕೊಟ್ಟು ಬರ್ಲಾ ಅಕ್ಕಾ?" ಎಂದೆ.

"ಬೇಡ ಕಣೇ," ಎಂದಳು. "ಅವನ ಮುಖ ನೋಡಿದ್ರೆ ಇನ್ನೂ ಹೊಟ್ಟೆ ತೊಳಸ್ತದೆ."