ಹಾಳೆ ತಟ್ಟೆಯಲ್ಲಿ ನೆಲದ ಬಣ್ಣ

ಆ ಬೆಳಿಗ್ಗೆ ವರ್ಕ್‌ಶಾಪಿನಲ್ಲಿ ನಾಲ್ಕು ಜನ ಇದ್ದೆವು. ಸ್ಟೂಲಿನ ಮೇಲೆ ಚಿಕ್ಕಪ್ಪ, ಬಾಗಿಲಿಗೆ ಒರಗಿ ನಿಂತ ಗಾರೆ ಮೇಸ್ತ್ರಿ, ಪಕ್ಕದ ಶೆಡ್ಡಿನಿಂದ ಕೈ ಒರೆಸಿಕೊಳ್ಳುತ್ತಾ ಬಂದ ನನ್ನ ಹೆಂಡತಿ, ಮತ್ತೆ ನೆಲದ ಮೇಲೆ ಮಂಡಿಯೂರಿದ್ದ ನಾನು. ಹುಲ್ಲು ಸವರುವ ವೀಡ್ ಕಟರಿನ ಕಾರ್ಬೊರೇಟರಿನಿಂದ ಬಿಚ್ಚಿದ ಒಂದು ಹಿತ್ತಾಳೆ ಜೆಟ್ಟನ್ನು ಹುಡುಕುತ್ತಿದ್ದೆ. ಪೆಟ್ರೋಲ್ ಹಾಯಲು ನಡುವೆ ತೂತಿರುವ, ಅಕ್ಕಿಕಾಳಿಗಿಂತ ಒಂದಿಷ್ಟು ದಪ್ಪದ ಸಾಮಾನು. ಚಿಕ್ಕಪ್ಪನ ಬೆರಳಿನಿಂದ ಜಾರಿ ಬಿದ್ದಿತ್ತು. ನಮ್ಮ ನೆಲವೋ, ಬೂದಿ ಬಣ್ಣದ ಒರಟು ಕಾಂಕ್ರೀಟು, ಅದರ ಮೇಲೆ ವರ್ಷಗಳ ಆಯಿಲ್ ಕಲೆ. ಬಿದ್ದದ್ದನ್ನು ನುಂಗಿ ನೀರು ಕುಡಿಯುವ ನೆಲ.

ನಮ್ಮ ವರ್ಕ್‌ಶಾಪ್ ಇರುವುದು ಸಾಗರದಿಂದ ಹೊಸನಗರಕ್ಕೆ ಹೋಗುವ ರಸ್ತೆಯಲ್ಲಿ. ವೀಡ್ ಕಟರ್, ಔಷಧಿ ಹೊಡೆಯುವ ಪಂಪು, ಮರ ಕೊಯ್ಯುವ ಗರಗಸ, ಇಂಥವೆಲ್ಲ ರಿಪೇರಿಗೆ ಬರುತ್ತವೆ. ಚಿಕ್ಕಪ್ಪ ಕಾರ್ಗಲ್ಲಿನ ವಿದ್ಯುತ್ ಯೋಜನೆಯಲ್ಲಿ ಫಿಟ್ಟರ್ ಆಗಿದ್ದವರು. ನಿವೃತ್ತಿಯಾದ ಮಾರನೆಯ ವಾರವೇ ನನ್ನ ಜೊತೆ ಬಂದು ಕೂತರು. ಸ್ಪ್ಯಾನರ್ ಹಿಡಿಯುವುದನ್ನು ನನಗೆ ಕಲಿಸಿದವರು ಅವರು. ಗಿರಾಕಿಯ ಹತ್ತಿರ ಮಾತಾಡುವುದನ್ನು ಕಲಿಸಿದವರೂ ಅವರೇ. ಕೆಟ್ಟ ಇಂಜಿನ್ನನ್ನು ಅವರು ಕೆಟ್ಟಿದೆ ಅನ್ನುತ್ತಿರಲಿಲ್ಲ, ‘ಮುನಿಸಿಕೊಂಡಿದೆ’ ಅನ್ನುತ್ತಿದ್ದರು. ನಾನೂ ಹಾಗೇ ಹೇಳಲು ಕಲಿತೆ. ತಂದವರ ಮುಖ ಅರ್ಧ ಹಗುರಾಗುತ್ತದೆ.

ಹೋದ ವರ್ಷ ಅವರಿಗೆ ಕಣ್ಣಿನ ಪೊರೆ ತೆಗೆಸಿದೆವು. ಒಂದು ಕಣ್ಣು ಚೆನ್ನಾಯಿತು. ಇನ್ನೊಂದರಲ್ಲಿ ಸಕ್ಕರೆ ಕಾಯಿಲೆಯ ದೆಸೆಯಿಂದ ಮಬ್ಬು ಉಳಿದೇ ಹೋಯಿತು. ಜೆಟ್ ಬಿದ್ದ ಆ ಬೆಳಿಗ್ಗೆ ಅವರು ಮೊಳೆಗೆ ತೂಗುಹಾಕಿದ್ದ ತಮ್ಮ ಬಟ್ಟೆಯ ಚೀಲ ಇಳಿಸಿಕೊಂಡರು. ಕಾರ್ಗಲ್ ದಿನಗಳ ಸ್ಕ್ರೂಡ್ರೈವರುಗಳೆಲ್ಲ ಇದ್ದ, ಚಿಕ್ಕಮ್ಮ ಜೇಬು ಜೇಬಾಗಿ ಹೊಲಿದುಕೊಟ್ಟಿದ್ದ ಚೀಲ.

“ಎಂತಕ್ಕೆ ಚಿಕ್ಕಪ್ಪಾ?” ಅಂದೆ.

“ಭಾರೀ ಕೊಳೆ ಆಗದೆ. ಮನೇಲಿ ಒಗೀಬೇಕು.”

ಆ ಚೀಲ ಅವತ್ತಿನವರೆಗೆ ನೀರು ಕಂಡದ್ದನ್ನು ನಾನು ನೋಡಿರಲಿಲ್ಲ. ಮಾರನೆಯ ದಿನ ಅವರು ಬಂದರು, ಚೀಲ ಬರಲಿಲ್ಲ. ಅದರ ಮರುದಿನವೂ ಬರಲಿಲ್ಲ. ಬಂದವರು ಸ್ಟೂಲಿನ ಮೇಲೆ ಕೂತು ರಸ್ತೆ ನೋಡುತ್ತಿದ್ದರು. “ದೀಪಾವಳಿ ತನಕ ನೋಡ್ತೀನಿ ಅಪ್ಪಿ, ಆಮೇಲೆ ನೀನೇ ನಡೆಸು” ಅಂದರು ಒಂದು ದಿನ, ಮಳೆ ಬರುತ್ತದೇನೋ ಅಂದ ಹಾಗೆ.

ನೆಲ ಬದಲಾಯಿಸೋಣ ಅಂದದ್ದು ನನ್ನ ಹೆಂಡತಿ. ಅವಳು ಪಕ್ಕದ ಶೆಡ್ಡಿನಲ್ಲಿ ಅಡಿಕೆ ಹಾಳೆಯ ತಟ್ಟೆ ಒತ್ತುವ ಯಂತ್ರ ಇಟ್ಟುಕೊಂಡಿದ್ದಾಳೆ. “ಅಕ್ಕಿಯಲ್ಲಿ ಕಲ್ಲು ಆರಿಸೋಕೆ ನಮ್ಮಜ್ಜಿ ಕರಿ ನೆಲದ ಮೇಲೆ ಕೂರ್ತಿದ್ರು. ಉದ್ದು ಆರಿಸೋವಾಗ ಬಿಳೀ ಪಂಚೆ ಹಾಸ್ಕೊಳ್ಳೋರು. ಅವರ ಕಣ್ಣೂ ಅಷ್ಟಕ್ಕಷ್ಟೇ ಇತ್ತು” ಅಂದಳು. ಬಿದ್ದದ್ದು ಕಾಣುವ ಬಣ್ಣವನ್ನು ನೆಲಕ್ಕೆ ಕೊಡಬಹುದು ಅಂತ ನನಗೆ ಅಲ್ಲಿಯವರೆಗೆ ಹೊಳೆದಿರಲಿಲ್ಲ.

ಬಣ್ಣ ಹಾಕುವುದೇನೋ ಸರಿ, ಯಾವ ರೀತಿಯಲ್ಲಿ? ಮೊದಲು ಕಣ್ಣಿಗೆ ಬಿದ್ದದ್ದು ಮೇಲಿನಿಂದ ಬಳಿಯುವ ಎಪಾಕ್ಸಿ ಪೇಂಟು. ತೀರ್ಥಹಳ್ಳಿಯಲ್ಲಿ ನನ್ನ ಪರಿಚಯದವರೊಬ್ಬರು ಗ್ಯಾರೇಜಿಗೆ ಅದನ್ನೇ ಹಾಕಿಸಿದ್ದರು. ಚಿಕ್ಕಪ್ಪನನ್ನು ಬೈಕಿನ ಹಿಂದೆ ಕೂರಿಸಿಕೊಂಡು ಹೋದೆ. ನೆಲ ಕನ್ನಡಿಯ ಹಾಗೆ ಹೊಳೆಯುತ್ತಿತ್ತು. ಬಾಗಿಲಿನ ಬೆಳಕು ಅದರ ಮೇಲೆ ಬಿದ್ದು ಎದ್ದು ಬರುತ್ತಿತ್ತು. ಚಿಕ್ಕಪ್ಪ ಒಳಗೆ ಕಾಲಿಟ್ಟವರು ಅಂಗೈ ಹಣೆಗೆ ಹಿಡಿದುಕೊಂಡು ಅಲ್ಲೇ ನಿಂತರು.

“ಇದರ ಮೇಲೆ ಎಂತ ಬಿದ್ರೂ ನಂಗೆ ಬರೀ ಬೆಳಕೇ ಕಾಣ್ತದೆ ಮಾರಾಯ.”

ಗ್ಯಾರೇಜಿನವರು ಹಿಂದಿನ ಮೂಲೆಗೆ ಕರೆದುಕೊಂಡು ಹೋಗಿ, ಮಳೆಗಾಲದಲ್ಲಿ ಕೆಳಗಿನ ತೇವ ಮೇಲೆ ಬಂದು ಪೇಂಟು ಎದ್ದಿದ್ದನ್ನೂ ಮುಚ್ಚುಮರೆ ಇಲ್ಲದೆ ತೋರಿಸಿದರು. ಎಣ್ಣೆಗೆ ಬಿಟ್ಟ ಹಪ್ಪಳದ ಹಾಗೆ ಗುಳ್ಳೆ ಗುಳ್ಳೆ. ಅವರ ಆ ಉಪಕಾರಕ್ಕೆ ನಾನು ಇವತ್ತಿಗೂ ಋಣಿ. ತಮ್ಮ ನೆಲ ಕೆಟ್ಟದ್ದನ್ನು ಎಷ್ಟು ಜನ ತೋರಿಸುತ್ತಾರೆ?

ಮೇಸ್ತ್ರಿ ಮೊಬೈಲಿನಲ್ಲಿ ಇನ್ನೊಂದು ತೋರಿಸಿದರು. ಕಾಂಕ್ರೀಟಿಗೇ ಆ್ಯಸಿಡ್ಡಿನ ಬಣ್ಣ ಕುಡಿಸುವುದು. ಅದು ಏಳುವುದಿಲ್ಲ, ಕಿತ್ತು ಬರುವುದಿಲ್ಲ. ಕಂದು, ಹೊನ್ನು, ಕಪ್ಪು ಎಲ್ಲ ಕಲಸಿಕೊಂಡು ಹುಲಿಯ ಚರ್ಮದಂತೆ ಬಂದಿತ್ತು. ನೋಡಲು ಬಹಳ ಚೆಂದ. “ಇದ್ರಲ್ಲಿ ಜೆಟ್ ಬಿದ್ರೆ ಹುಲಿ ತಿಂತು ಅಂತ ಬರ್ಕೊಳ್ಳೋದೇ” ಅಂದಳು ನನ್ನ ಹೆಂಡತಿ.

ಉಳಿದದ್ದು ಮೇಸ್ತ್ರಿಗೆ ಕೈ ಪಳಗಿದ ಹಳೆಯ ದಾರಿ. ಈಗಿನ ನೆಲವನ್ನು ಹೊಸ ಪದರ ಹಿಡಿದುಕೊಳ್ಳುವಂತೆ ಉಳಿಯಿಂದ ಕಚ್ಚುಮಾಡಿ, ಅದರ ಮೇಲೆ ಬಣ್ಣದ ಪುಡಿ ಕಲಸಿದ ಸಿಮೆಂಟಿನ ತೆಳುವಾದ ಪದರ ಎಳೆಯುವುದು. ಬಣ್ಣ ಮೇಲೆ ಕೂರುವುದಿಲ್ಲ, ಪದರದ ತುಂಬ ಇರುತ್ತದೆ. ತಿಕ್ಕಿದರೂ ಅದೇ ಬಣ್ಣ.

“ಕೆಂಪು ಹಾಕೋಣ. ನಮ್ಮ ಕಡೆ ಎಲ್ಲರ ಮನೆಯಲ್ಲೂ ಅದೇ. ಎಣ್ಣೆ ಹಾಕಿ ಒರೆಸಿದ್ರೆ ಮುಖ ನೋಡ್ಕೋಬಹುದು” ಅಂದರು ಮೇಸ್ತ್ರಿ.

“ಮುಖ ಬೇಡ, ಜೆಟ್ ಕಾಣ್ಬೇಕು” ಅಂದಳು ಇವಳು.

ಆಮೇಲೆ ಅವಳು ಮಾಡಿದ್ದನ್ನು ನೆನೆದರೆ ಈಗಲೂ ನನಗೆ ನಗು ಬರುತ್ತದೆ, ಕೈ ಮುಗಿಯಬೇಕು ಅಂತಲೂ ಅನ್ನಿಸುತ್ತದೆ. ಅಂಚು ಒಡೆದು ಮಾರಾಟಕ್ಕೆ ಬಾರದ ಹಾಳೆ ತಟ್ಟೆಗಳನ್ನು ಮೇಸ್ತ್ರಿಯ ಮುಂದೆ ಇಟ್ಟು, ಒಂದೊಂದರಲ್ಲಿ ಒಂದೊಂದು ಬಣ್ಣದ ಸಿಮೆಂಟ್ ತುಂಬಿಸಿದಳು. ಕೆಂಪು, ಕಪ್ಪು, ಹಳದಿ, ಗಾಢ ಹಸಿರು. ಕೊನೆಯದರಲ್ಲಿ ಬಿಳಿ ಸಿಮೆಂಟಿಗೆ ಚಿಟಿಕೆ ಹಸಿರು, ಚಿಟಿಕೆ ಹಳದಿ. ಒಣಗಿದ ಮೇಲೆ ಎಳೆ ಬಾಳೆಯೆಲೆಯ ಹಿಂಬದಿಯ ಹಾಗೆ ಕಂಡಿತು. ಎಲ್ಲವನ್ನೂ ವರ್ಕ್‌ಶಾಪಿನ ಮುಂದೆ ಪಂಕ್ತಿಯಲ್ಲಿ ಇಟ್ಟು, ಪ್ರತಿಯೊಂದಕ್ಕೂ ಒಂದು ಹಿತ್ತಾಳೆ ಜೆಟ್, ಒಂದು ಉಕ್ಕಿನ ಸ್ಪ್ರಿಂಗ್, ಒಂದು ಕಪ್ಪು ರಬ್ಬರ್ ರಿಂಗ್ ಹಾಕಿದಳು.

ಚಿಕ್ಕಪ್ಪ ಬಂದು ನೋಡಿದರು.

“ಊಟಕ್ಕೆ ಕರೆದು ಸಿಮೆಂಟ್ ಬಡಿಸ್ತೀಯಾ ತಂಗಿ?”

“ಉಪ್ಪಿನಕಾಯಿ ಜಾಗದಲ್ಲಿ ಜೆಟ್ ಇದೆ ಮಾವ, ನೋಡಿ.”

ಅಷ್ಟು ಹೊತ್ತಿಗೆ ಅವರಿಗೆ ಗೊತ್ತಾಯಿತು. ಮುಖ ಸಣ್ಣದಾಯಿತು. “ಈ ವಯಸ್ಸಲ್ಲಿ ನಂಗೆ ಪರೀಕ್ಷೆ ಇಡ್ತೀರಾ?” ಅಂದರು. ನಾನು ಬಾಯಿ ತೆರೆಯುವ ಮೊದಲೇ ಅವಳು ಹೇಳಿದಳು:

“ನಿಮಗಲ್ಲ ಮಾವ. ಪರೀಕ್ಷೆ ನೆಲಕ್ಕೆ. ಪಾಸ್ ಮಾಡೋರು, ಫೇಲ್ ಮಾಡೋರು ನೀವು.”

ಚಿಕ್ಕಪ್ಪ ಪಂಚೆ ಎತ್ತಿಕಟ್ಟಿ ಸ್ಟೂಲನ್ನು ಮೊದಲ ತಟ್ಟೆಯ ಮುಂದೆ ಎಳೆದುಕೊಂಡರು. ಕೆಂಪಿನ ಮೇಲೆ ಹಿತ್ತಾಳೆ ಕರಗಿಹೋಗಿತ್ತು. “ಇದು ಫೇಲ್.” ಕಪ್ಪಿನ ಮೇಲೆ ಸ್ಪ್ರಿಂಗ್ ಫಳಫಳ ಕಂಡಿತು, ರಬ್ಬರ್ ರಿಂಗ್ ಮಾತ್ರ ಎಲ್ಲಿದೆಯೋ. ಹಳದಿಯಲ್ಲಿ ಮತ್ತೆ ಹಿತ್ತಾಳೆ ಮಾಯ. ಗಾಢ ಹಸಿರಿಗೆ ಬಾಯಲ್ಲಿ ಚೊಚ್ ಅಂದು ಮುಂದೆ ಸರಿದರು. ಎಳೆ ಹಸಿರಿನ ಮೇಲೆ ಹಿತ್ತಾಳೆಯೂ ಕಂಡಿತು, ರಬ್ಬರೂ ಕಂಡಿತು. ಉಕ್ಕಿನ ಸ್ಪ್ರಿಂಗ್ ಕಾಣಲಿಲ್ಲ.

ಸೋತೆವು ಅಂದುಕೊಂಡೆ ನಾನು. ಎಲ್ಲವನ್ನೂ ತೋರಿಸುವ ಬಣ್ಣ ಯಾವುದೂ ಇರಲಿಲ್ಲ. ಚಿಕ್ಕಪ್ಪ ಆ ಕೊನೆಯ ತಟ್ಟೆಯ ಮೇಲೆ ಅಂಗೈ ಆಡಿಸುತ್ತಾ ಕೂತರು. ಮೊದಲ ಬಾರಿಗೆ ಅವರು ರಸ್ತೆ ನೋಡುವುದನ್ನು ಬಿಟ್ಟಿದ್ದರು.

“ಉಕ್ಕು ಬಿದ್ರೆ ಎಂತಕ್ಕೆ ಕಣ್ಣು? ಕೋಲಿಗೆ ಅಯಸ್ಕಾಂತ ಕಟ್ಟಿ ಆಡಿಸಿದ್ರೆ ಅದೇ ಓಡಿ ಬರ್ತದೆ. ಹಿತ್ತಾಳೆ, ರಬ್ಬರ್ ಕರೆದ್ರೆ ಬರೋದಿಲ್ಲ. ಅವನ್ನ ಕಣ್ಣೇ ಹುಡುಕ್ಬೇಕು. ಇದೇ ಇರ್ಲಿ ಅಪ್ಪಿ.”

ಮೇಸ್ತ್ರಿಗೆ ಸಮಾಧಾನವಿಲ್ಲ. “ಯಜಮಾನ್ರೇ, ಗ್ಯಾರೇಜಿಗೆ ಯಾರಾದ್ರೂ ಈ ಬಣ್ಣ ಹಾಕ್ತಾರಾ? ಒಂದು ಹನಿ ಗ್ರೀಸ್ ಬಿದ್ರೂ ಊರಿಗೆಲ್ಲ ಕಾಣ್ತದೆ.”

“ಕಾಣ್ಲಿ. ಕಂಡ್ರೆ ತಾನೇ ಒರೆಸೋದು?”

“ಪಾಲಿಶ್ ಆದ್ರೂ ಕೊಡ್ಲಾ?”

“ಬೇಡ. ತೀರ್ಥಹಳ್ಳಿ ನೆಲ ನೋಡಿ ಬಂದ ಕಣ್ಣು ಇನ್ನೂ ನೀರು ಹಾಕ್ತಿದೆ.”

ಕೆಲಸ ನಡೆಯುವಾಗ ಚಿಕ್ಕಪ್ಪ ಮೇಸ್ತ್ರಿಯನ್ನು ಬಿಟ್ಟು ಅಲ್ಲಾಡಲಿಲ್ಲ. ಸಿಮೆಂಟು, ಬಣ್ಣ ಎರಡನ್ನೂ ಇಡೀ ನೆಲಕ್ಕಾಗುವಷ್ಟು ನೀರು ಹಾಕುವ ಮೊದಲೇ ಒಟ್ಟಿಗೆ ಕಲಸಿ ಜರಡಿ ಹಿಡಿಸಿದರು. ಇಲ್ಲದಿದ್ದರೆ ಒಂದು ಮೂಲೆ ಬಾಳೆ, ಇನ್ನೊಂದು ಮೂಲೆ ಬೇವು ಆಗುತ್ತದೆ ಅಂದರು. ಪದರ ಎಳೆದ ಮೇಲೆ ಒದ್ದೆ ಗೋಣಿ ಹೊದಿಸಿ, ಅದು ಆರದ ಹಾಗೆ ನೀರು ಚಿಮುಕಿಸುತ್ತಾ ಕಾದದ್ದೂ ಅವರೇ. ನಾನು ಅಷ್ಟು ದಿನ ಹೊರಗೆ ಶೀಟಿನ ಕೆಳಗೆ ಕೂತು ಪಂಪು ಬಿಚ್ಚುತ್ತಿದ್ದೆ. ಒಳಗಿನಿಂದ ಅವರು ಮೇಸ್ತ್ರಿಯನ್ನು ಬೈಯುವುದು ಕೇಳುತ್ತಿತ್ತು. ಎಷ್ಟೋ ತಿಂಗಳ ಮೇಲೆ ಆ ದನಿ ಕೇಳಿದ್ದೆ. ಕೈ ಕೆಲಸದಲ್ಲಿತ್ತು, ಮನಸ್ಸು ತುಂಬಿ ಬಂದಿತ್ತು. ಇಂಥವರ ಕೈಕೆಳಗೆ ಬೆಳೆದೆನಲ್ಲಾ ಅಂತ.

ಆದರೂ ಚೀಲ ಮಾತ್ರ ಬರಲಿಲ್ಲ. ನೆಲ ಆಯಿತು, ಬೆಂಚುಗಳು ಒಳಗೆ ಬಂದವು, ಮೊಳೆ ಖಾಲಿಯೇ ಇತ್ತು. ದೀಪಾವಳಿ ಹತ್ತಿರ ಬರುತ್ತಿತ್ತು.

ಒಂದು ಮಧ್ಯಾಹ್ನ ಮಾಸ್ತಿಕಟ್ಟೆ ಕಡೆಯ ಒಬ್ಬ ಹೆಂಗಸು ಸ್ಕೂಟರಿನಲ್ಲಿ ಪಂಪು ತಂದರು. ಒಳಗೆ ಬಂದು ಹೆಲ್ಮೆಟ್ ತೆಗೆಯುವಾಗ ಅದರ ಪಟ್ಟಿ ಸಿಕ್ಕಿಕೊಂಡು ಮೂಗುಬೊಟ್ಟು ಕೈಗೆ ಬಂತು, ಅದರ ತಿರುಪು ಎಲ್ಲೋ ಹಾರಿತು. “ಅಯ್ಯೋ, ಅಮ್ಮನ ಕಾಲದ್ದು” ಅಂತ ಅವರು ಹೆಲ್ಮೆಟ್ ಹಿಡಿದುಕೊಂಡೇ ನೆಲಕ್ಕೆ ಕೂತರು. ನಾನು ಅಭ್ಯಾಸಬಲದಿಂದ ಅಯಸ್ಕಾಂತದ ಕೋಲು ಎತ್ತಿಕೊಂಡೆ.

“ಚಿನ್ನಕ್ಕೆ ಅದನ್ನ ಹಿಡೀತೀಯಾ?” ಅಂದರು ಚಿಕ್ಕಪ್ಪ ಸ್ಟೂಲಿನಿಂದ. “ಇಬ್ರೂ ಅಲ್ಲಾಡ್ಬೇಡಿ.” ಒಳ್ಳೆಯ ಕಣ್ಣಿನ ಕಡೆಗೆ ಮುಖ ವಾರೆ ಮಾಡಿ ನೆಲವನ್ನು ಬಾಗಿಲಿನಿಂದ ಒಳಮೂಲೆಯವರೆಗೆ ನಿಧಾನಕ್ಕೆ ನೋಡಿದರು. ಆಮೇಲೆ ಎದ್ದು, ಗಾಳಿ ತುಂಬುವ ಯಂತ್ರದ ಚಕ್ರದ ಹತ್ತಿರ ಬಗ್ಗಿ, ಉಗುರಿನ ತುದಿಯಲ್ಲಿ ತಿರುಪು ಎತ್ತಿ ಆಕೆಯ ಅಂಗೈಗೆ ಹಾಕಿದರು. “ಪಂಪಿಗೆ ಎಂತಾಗಿದೆ?” ಅಂದರು.

ಮಾರನೆಯ ಬೆಳಿಗ್ಗೆ ನಾನು ಶಟರ್ ಎತ್ತುವಾಗ ಚಿಕ್ಕಪ್ಪ ಹಿಂದೆಯೇ ಬಂದರು. ಕಂಕುಳಲ್ಲಿ ಚೀಲ ಇತ್ತು. ಮೊಳೆಗೆ ತೂಗುಹಾಕಿ, ಬೆಂಚಿನ ಮುಂದೆ ಕೂತು, ಮಾಸ್ತಿಕಟ್ಟೆಯ ಪಂಪಿನ ಕಾರ್ಬೊರೇಟರ್ ಬಿಚ್ಚತೊಡಗಿದರು. ಚೀಲವನ್ನು ಒಗೆದಿರಲಿಲ್ಲ.