ಬಾಗಿಲು ಮುಚ್ಚಿಯೇ ಒರೆಸುವ ಬಿಸಿಯಕ್ಕ

ಬೆಳಗಿನ ಐದು ಗಂಟೆಗೆ ಊರಿನ್ನೂ ಹೊದಿಕೆಯೊಳಗಿದೆ. ಎರಡನೇ ಮಹಡಿಯ ಹಾಟ್ ಯೋಗ ಕೇಂದ್ರದಲ್ಲಿ ಬಿಸಿಯಕ್ಕ ಹೀಟರುಗಳನ್ನು ಹಚ್ಚಿ, ಹಬೆಯ ಯಂತ್ರಕ್ಕೆ ನೀರು ತುಂಬಿಸಿ, ಬಾಗಿಲ ಸಂದಿಗೆ ಹಳೆಯ ಟವೆಲ್ ತುರುಕುತ್ತಿದ್ದಾರೆ. ಗೋಡೆಯ ಮೀಟರು ಇಪ್ಪತ್ತೆರಡು ತೋರಿಸುತ್ತಿದೆ. ಆರೂವರೆಗೆ ಅದು ನಲವತ್ತು ಮುಟ್ಟಬೇಕು. ಅವರಿಗೆ ಮೀಟರಿನ ಮೇಲೆ ಅಷ್ಟು ನಂಬಿಕೆಯಿಲ್ಲ, ಕೈಯ ಹಿಂಭಾಗವನ್ನು ಕನ್ನಡಿಗೆ ಒತ್ತಿ ನೋಡುತ್ತಾರೆ. "ಅದು ಬಾಗಿಲ ಪಕ್ಕ ಆರಾಮಾಗಿ ನೇತಾಡ್ಕೊಂಡಿದೆ. ಒಳಗಿನ ಸಂಕಟ ಅದಕ್ಕೇನು ಗೊತ್ತು?"

ಹಾಟ್ ಯೋಗ ಅಂದರೆ ಕಾಯಿಸಿದ ಕೋಣೆಯಲ್ಲಿ ಮಾಡುವ ಯೋಗ. ಅದರಲ್ಲೂ ನಾನಾ ಬಗೆ. ಶಿಕ್ಷಕಿಯನ್ನು ಕೇಳಿದರೆ ಅರ್ಧ ಗಂಟೆ ವಿವರಿಸುತ್ತಾರೆ. ಬಿಸಿಯಕ್ಕ ನೆಲ ನೋಡಿಯೇ ಹೇಳಿಬಿಡುತ್ತಾರೆ, ಹೆಸರುಗಳೂ ಅವರವೇ. 'ಇಪ್ಪತ್ತಾರು' ಅಂದರೆ ನಲವತ್ತು ಡಿಗ್ರಿಯ ಹಬೆಯಲ್ಲಿ ಇಪ್ಪತ್ತಾರು ಆಸನ, ಎರಡು ಬಗೆಯ ಉಸಿರಾಟದ ಅಭ್ಯಾಸ, ತೊಂಬತ್ತು ನಿಮಿಷ. ಕ್ರಮ ಒಂದು ದಿನವೂ ಬದಲಾಗದು. "ಅವ್ರು ನಿಂತಲ್ಲೇ ನಿಂತಿರ್ತಾರೆ. ಚಾಪೆ ಎತ್ತಿದ್ರೆ ಸುತ್ತ ಚೌಕಟ್ಟು ಹಾಕ್ದಂಗೆ ಬೆವರು." 'ಓಟ'ಕ್ಕೆ ಮೂವತ್ತೈದು ಡಿಗ್ರಿ ಸಾಕು. ಉಸಿರಿನ ಲಯಕ್ಕೆ ಒಂದು ಆಸನದಿಂದ ಇನ್ನೊಂದಕ್ಕೆ ಹರಿಯುವವರು ಅವರು, ಕನ್ನಡಿಗೂ ಬೆವರು ಸಿಡಿಸಿರುತ್ತಾರೆ. 'ನಿದ್ದೆ'ಯವರಿಗೆ ಮೂವತ್ತು. ಒಂದೊಂದು ಆಸನದಲ್ಲಿ ಐದೈದು ನಿಮಿಷ ಒರಗಿ ಬಿಡುವುದರಿಂದ ಬೆವರು ಒಂದೇ ಕಡೆ ಮಡುಗಟ್ಟುತ್ತದೆ. ಇನ್ನು ಪಕ್ಕದ ಕೋಣೆಯ 'ಕೆಂಪು ದೀಪ'. ಅಲ್ಲಿ ಗೋಡೆಗೆ ಕೂರಿಸಿದ ಹೀಟರ್ ಹಲಗೆಗಳು ಗಾಳಿಯನ್ನು ಬಿಟ್ಟು ನೇರವಾಗಿ ಮೈಯನ್ನೇ ಕಾಯಿಸುತ್ತವೆ. ಹಬೆಯಿಲ್ಲ, ಬೆವರು ಅಲ್ಲಲ್ಲೇ ಒಣಗಿ ಉಪ್ಪಿನ ಕಲೆ ಉಳಿಯುತ್ತದೆ.

ಸೇರಿದ ಹೊಸದರಲ್ಲಿ ಒಮ್ಮೆ ಎಡವಟ್ಟಾಗಿತ್ತು. "ನಿದ್ದೆಯವರಿಗೆ ಇಪ್ಪತ್ತಾರರ ಬಿಸಿ ಕೊಟ್ಬಿಟ್ಟಿದ್ದೆ. ಪಾಪ, ಒಬ್ರು ನಿಜವಾಗ್ಲೂ ಮಲಗಿಬಿಟ್ರು!" ಎಂದು ನಗುತ್ತಾರೆ. ಮೂರ್ಛೆ ಹೋದ ಆ ಗಿರಾಕಿಗೆ ಐಸು, ಫ್ಯಾನು, ಡಾಕ್ಟರು ಎಲ್ಲ ಬಂದವಂತೆ. ಬಾಗಿಲನ್ನು ಗೋಡೆಗೆ ತಾಗುವಷ್ಟು ತೆರೆದಿಟ್ಟಿದ್ದರಂತೆ. ಹನ್ನೊಂದು ವರ್ಷದಲ್ಲಿ ಆ ಬಾಗಿಲು ಹಾಗೆ ತೆರೆದದ್ದು ಅದೊಂದೇ ಸಲ.

ಇಲ್ಲಿ ಎಲ್ಲವೂ ಆ ಬಾಗಿಲಿಗೇ ಬಂದು ನಿಲ್ಲುತ್ತದೆ. ದಿನಕ್ಕೆ ಐದು ತರಗತಿ, ನಡುವೆ ಇಪ್ಪತ್ತು ನಿಮಿಷ, ಮೂವತ್ತು ಚಾಪೆಗಳ ಬೆವರು. ಐದು ನಿಮಿಷ ಬಾಗಿಲು ತೆರೆದರೆ ಎಂಟು ಡಿಗ್ರಿ ಇಳಿಯುತ್ತದೆ, ಮತ್ತೆ ಏರಲು ಮುಕ್ಕಾಲು ಗಂಟೆ ಬೇಕು. ಹಾಗಾಗಿ ಬಾಗಿಲು ಮುಚ್ಚಿಕೊಂಡೇ ಒರೆಸಬೇಕು. ನೀರು ಕುಡಿಯಬಹುದಲ್ಲ ಅಂದರೆ ಅದಕ್ಕೂ ಒಂದು ಕಥೆಯಿದೆ. ಆ ಇಪ್ಪತ್ತು ನಿಮಿಷ ಈ ಮಹಡಿಯ ಶೌಚಾಲಯದಲ್ಲಿ ಗಿರಾಕಿಗಳ ಸಾಲು. ಕೆಲಸದವರದ್ದು ನೆಲಮಾಳಿಗೆಯಲ್ಲಿ. "ಹೋಗಿ ಬರೋಷ್ಟರಲ್ಲಿ ಮುಂದಿನ ಕ್ಲಾಸೇ ಶುರುವಾಗಿರುತ್ತೆ. ಕ್ಲಾಸು ನಡೀವಾಗ ಪಕ್ಕದ ಕೋಣೆ ಒರೆಸೋದು, ಟವೆಲ್ಲು ಒಗೆಯೋದು, ಪುರಸೊತ್ತೆಲ್ಲಿ? ಅದಕ್ಕೇ ಬೆಳಿಗ್ಗೆ ಒಂದು ಲೋಟ, ಆಮೇಲೆ ಮಧ್ಯಾಹ್ನವೇ."

ಹೋದ ತಿಂಗಳು ಆಸ್ಪತ್ರೆಯ ರಿಪೋರ್ಟು ಬಂತು. ಎರಡೂ ಮೂತ್ರಪಿಂಡಗಳು ಸೋಲುತ್ತಿವೆ. "ದಿನಕ್ಕೆಷ್ಟು ನೀರು ಕುಡೀತೀರಿ ಅಂತ ಡಾಕ್ಟ್ರು ಕೇಳಿದ್ರು. ನಂಗೆ ನಗು ಬಂತು. ಮೊದಲು ಆ ಬಿಸಿ ಬಿಡಿ ಅಂದ್ರು. ಬಿಟ್ಟು?" ಕೇಂದ್ರದ ಹಿಂದೆ, ಬಾಯ್ಲರಿಗೆ ಅಂಟಿಕೊಂಡ ಕೋಣೆ ಅವರ ಮನೆ. ಹಾಸಿಗೆ ಹಿಡಿದ ತಾಯಿ ಬೆಚ್ಚಗಿನ ಗೋಡೆಗೆ ಬೆನ್ನು ಕೊಟ್ಟು ಮಲಗಿರುತ್ತಾರೆ. ಕೆಲಸವಿದ್ದರೆ ಮಾತ್ರ ಕೋಣೆ. "ನಡೆಯೋಕಾಗದ ಅಮ್ಮನ್ನ ಕಟ್ಕೊಂಡು ಎಲ್ಲಿಗೆ ಹೋಗ್ಲಿ, ನೀವೇ ಹೇಳಿ."

ಒರೆಸುವಾಗ ಸ್ವಲ್ಪ ಹೊತ್ತು ಬಾಗಿಲು ತೆಗೆದಿಡಲೇ ಎಂದು ಮಾಲೀಕರನ್ನು ಕೇಳಿದ್ದರು. ಕೆಟ್ಟ ಮನುಷ್ಯನೇನಲ್ಲ. "ಅಕ್ಕಾ, ನೀವು ನಮ್ಮನೆಯವರಿದ್ದಂಗೆ. ಆದ್ರೆ ಬಿಸಿ ಹೋದ್ರೆ ಗಿರಾಕಿನೂ ಹೋಗ್ತಾರೆ" ಎಂದರಂತೆ. ಮನೆಯವರನ್ನು ಒಲೆಯೊಳಗೆ ಕೂರಿಸುವ ಮನೆ ಯಾವುದೋ, ದೇವರೇ ಬಲ್ಲ.

ಎಂಟು ಗಂಟೆಗೆ ಇಪ್ಪತ್ತಾರರವರು ಕೆಂಪಗಾಗಿ, ಹಗುರಾಗಿ ಹೊರಬರುತ್ತಾರೆ. ಬಿಸಿಯಕ್ಕ ಒಳಗೆ ಹೋಗಿ ಬಾಗಿಲೆಳೆದುಕೊಳ್ಳುತ್ತಾರೆ. ಮೂರನೇ ಸಾಲು ಒರೆಸುವಾಗ ಕಣ್ಣು ಕತ್ತಲಿಟ್ಟು ಕನ್ನಡಿಗೆ ಒರಗಿ ಕುಸಿಯುತ್ತಾರೆ. ಬಕೆಟ್ಟನ್ನು ಊರಿಕೊಂಡು ಎದ್ದು, ಬಾಗಿಲನ್ನು ನಾಲ್ಕು ಬೆರಳಷ್ಟು ತೆರೆದು, ಆ ಸಂದಿಗೆ ಮುಖವಿಟ್ಟು ನಿಲ್ಲುತ್ತಾರೆ. ಮೀಟರು ಮೂವತ್ತೇಳಕ್ಕೆ ಬರುತ್ತದೆ. ಅಷ್ಟರಲ್ಲಿ ಮುಂದಿನ ಇಪ್ಪತ್ತಾರರವರು ಚಾಪೆ ಹಿಡಿದು ಸಾಲುಗಟ್ಟಿದ್ದಾರೆ.

ಆ ತರಗತಿ ಮುಗಿದ ಮೇಲೆ ಮಹಿಳೆಯೊಬ್ಬರು ಕೌಂಟರಿನ ಮುಂದೆ ಮುಖ ಗಂಟಿಕ್ಕಿ ನಿಲ್ಲುತ್ತಾರೆ. "ಇವತ್ತು ಸರಿಯಾಗಿ ಬೆವರೇ ಬರ್ಲಿಲ್ಲ." ಕೌಂಟರಿನ ಹುಡುಗಿ ದೂರಿನ ಪುಸ್ತಕದಲ್ಲಿ ಅದನ್ನು ಬರೆದುಕೊಳ್ಳುತ್ತಾಳೆ. ಮಾಲೀಕರ ಫೋನು ಬರಲು ಹತ್ತು ನಿಮಿಷವೂ ಬೇಕಾಗುವುದಿಲ್ಲ. ಬಿಸಿಯಕ್ಕನ ಕಡೆಯಿಂದ ಕೇಳಿಸುವುದು ಎರಡೇ ಮಾತು: "ಹೂಂ. ಇನ್ಮೇಲೆ ತೆಗೆಯಲ್ಲ."

ಏನಾದರೂ ಆಸೆಯಿದೆಯೇ ಎಂದು ಕೇಳಿದರೆ ಮಾಪು ಹಿಂಡುತ್ತಾ ಯೋಚಿಸುತ್ತಾರೆ. "ಆವತ್ತು ಬಿದ್ದವ್ರಿಗೆ ತೆಗೆದಿಟ್ಟಿದ್ರಲ್ಲ, ಹಂಗೆ ಬಾಗ್ಲು ಪೂರ್ತಿ ತೆಗೆದು ಒಂದ್ಸಲ ಈ ನೆಲ ಒರೆಸ್ಬೇಕು. ಒಂದೇ ಸಲ." ಇಷ್ಟು ವರ್ಷದಲ್ಲಿ ಈ ನೆಲದ ಮೇಲೆ ಒಬ್ಬರೂ ಜಾರಿ ಬಿದ್ದಿಲ್ಲ ಎಂಬುದನ್ನು ಬರೆಯಲು ಮರೆಯಬಾರದಂತೆ.

ಒಳಗೆ ಹೋಗುವ ಮುನ್ನ ಅವರು ತಮ್ಮ ಮುಂಗೈಯನ್ನು ಚಾಚಿ ತೋರಿಸುತ್ತಾರೆ. ಅಷ್ಟು ಬಿಸಿಯಿಂದ ಬಂದ ಕೈ ಒಣಗಿದೆ, ಚರ್ಮ ಹೊಟ್ಟು ಹೊಟ್ಟಾಗಿ ಎದ್ದಿದೆ.

"ಅವ್ರಿಗೆ ಒಂದು ದಿನ ಬೆವರು ಬರ್ಲಿಲ್ಲ, ಪುಸ್ತಕದಲ್ಲಿ ಬರೆಸಿದ್ರು. ನಂಗೆ ಬೆವರು ನಿಂತು ನಾಲ್ಕು ತಿಂಗಳಾಯ್ತು." ಬಕೆಟ್ಟು ಎತ್ತಿಕೊಳ್ಳುತ್ತಾರೆ. "ಹೋಗ್ಲಿ ಬಿಡಿ. ಒರೆಸೋಕೆ ನಂದೊಂದು ಕಡಿಮೆ ಆಯ್ತು."

ಬಾಗಿಲು ಮುಚ್ಚುತ್ತದೆ. ಕೆಳಗಿನ ಸಂದಿಗೆ ಒಳಗಿನಿಂದ ಟವೆಲ್ ತುರುಕುವುದು ಕಾಣುತ್ತದೆ.